ಒಲೆಗಿಂತ ಮೊದಲು ಪಾತ್ರೆ: ಹಗುರ ಚಾರಣಕ್ಕೆ ಟ್ಯಾಬ್ಲೆಟ್ ಒಲೆ ಆರಿಸುವ ಸಮಗ್ರ ಮಾರ್ಗದರ್ಶಿ

ಟ್ಯಾಬ್ಲೆಟ್ ಒಲೆ ಎಂದರೆ ಘನ ಇಂಧನದ ಚಿಕ್ಕ ಬಿಲ್ಲೆ (ಟ್ಯಾಬ್ಲೆಟ್) ಉರಿಸಿ ನೀರು ಕಾಯಿಸುವ ಪುಟ್ಟ ಒಲೆ. ಅದನ್ನು ಕೊಂಡವರ ದೂರು ಹೆಚ್ಚುಕಡಿಮೆ ಒಂದೇ. ಬಿಲ್ಲೆ ಪೂರ್ತಿ ಉರಿದು ಮುಗಿಯಿತು, ನೀರು ಮಾತ್ರ ಕುದಿಯಲಿಲ್ಲ. ಎರಡನೇ ಬಿಲ್ಲೆ ಹಚ್ಚಿದರು, ಪಾತ್ರೆಯ ತಳ ಟಾರು ಬಳಿದ ಹಾಗಾಯಿತು, ಮೂರು ದಿನದ ಇಂಧನ ಒಂದೂವರೆ ದಿನಕ್ಕೆ ಖಾಲಿ. ಬೈಗುಳ ಬೀಳುವುದು ಒಲೆಗೆ. ಆದರೆ ತಪ್ಪು ಸಾಮಾನ್ಯವಾಗಿ ಕೊಳ್ಳುವ ಕ್ರಮದಲ್ಲೇ ಆಗಿರುತ್ತದೆ. ಮೊದಲು ಒಲೆ ಕೊಳ್ಳುತ್ತಾರೆ, ಆಮೇಲೆ ಮನೆಯಲ್ಲಿದ್ದ ಪಾತ್ರೆಯನ್ನು ಅದರ ಮೇಲೆ ಕೂರಿಸುತ್ತಾರೆ, ಗಾಳಿತಡೆಯ ನೆನಪು ಬೆಟ್ಟದ ಮೇಲೆ ಬರುತ್ತದೆ.

ಸರಿಯಾದ ಕ್ರಮ ಹೀಗಿದೆ: ಎಷ್ಟು ನೀರು ಬೇಕು, ಅದಕ್ಕೆ ಯಾವ ಪಾತ್ರೆ, ಆ ಪಾತ್ರೆಗೆ ಯಾವ ಒಲೆ, ಎರಡನ್ನೂ ಸುತ್ತುವ ಗಾಳಿತಡೆ, ಕೊನೆಗೆ ಇಂಧನ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ.

ಬೇಕಾಗುವ ಸಾಮಾನು

1 ಗ್ರಾಂವರೆಗೆ ತೂಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಳತೆ ಲೋಟ, ಸ್ಕೇಲು, ಕತ್ತರಿ, ಕಾಗದಕ್ಕೆ ತೂತು ಹಾಕುವ ಪಂಚ್, ಗಡಿಯಾರ. ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಇಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ನಾಲ್ಕೈದು ಗ್ರಾಂ ವ್ಯತ್ಯಾಸದಲ್ಲಿ.

ಹಂತ 1: ಇದು ನಿಮಗೆ ಆಗಿಬರುವ ಒಲೆಯೇ?

ಟ್ಯಾಬ್ಲೆಟ್ ಒಲೆ ನೀರು ಕಾಯಿಸುವ ಸಾಧನ. ಅಡುಗೆ ಮಾಡುವ ಸಾಧನವಲ್ಲ. ಉರಿ ಹೆಚ್ಚುಕಡಿಮೆ ಮಾಡಲು ಇದರಲ್ಲಿ ಏನೂ ಇಲ್ಲ. ಅಕ್ಕಿ ಬೇಯಿಸಲು, ಒಗ್ಗರಣೆ ಹಾಕಲು ಹೊರಟವರು ಈ ಬರಹವನ್ನು ಇಲ್ಲಿಗೇ ಬಿಟ್ಟು ಗ್ಯಾಸ್ ಒಲೆ ನೋಡುವುದು ಒಳ್ಳೆಯದು. ಬಿಸಿನೀರು ಸುರಿದು ಹತ್ತು ನಿಮಿಷ ಮುಚ್ಚಿಟ್ಟರೆ ಸಿದ್ಧವಾಗುವ ತಿನಿಸಿಗೆ ಇದು ಸಾಕು: ಗೊಜ್ಜವಲಕ್ಕಿ ಮಿಕ್ಸ್, ಹುರಿದ ರವೆಯ ಉಪ್ಪಿಟ್ಟಿನ ಮಿಕ್ಸ್, ರಾಗಿ ಹುರಿಹಿಟ್ಟು, ಸೂಪು, ಕಾಫಿ.

ತೂಕದ ಲೆಕ್ಕ ನೋಡಿ. ಒಬ್ಬರು, ಮೂರು ದಿನ, ದಿನಕ್ಕೆ ಎರಡು ಸಲ 500 ಮಿ.ಲೀ. ನೀರು ಎಂದರೆ 14 ಗ್ರಾಂನ 6 ಬಿಲ್ಲೆ, ಜೊತೆಗೆ ಹೆಚ್ಚುವರಿ 2. ಒಟ್ಟು 112 ಗ್ರಾಂ. ಇದಕ್ಕೆ ಹಗುರ ಒಲೆ, ಗಾಳಿತಡೆ ಕೂಡಿಸಿದರೂ ಎಲ್ಲ ಸೇರಿ ಸುಮಾರು 150 ಗ್ರಾಂ. 100 ಗ್ರಾಂ ಗ್ಯಾಸ್ ಇರುವ ಚಿಕ್ಕ ಡಬ್ಬಿ ತುಂಬಿದಾಗ ಸುಮಾರು 200 ಗ್ರಾಂ ತೂಗುತ್ತದೆ. ಸಾಮಾನ್ಯ ಬರ್ನರ್ ಸೇರಿದರೆ 280 ಗ್ರಾಂ ಹತ್ತಿರ ಹೋಗುತ್ತದೆ.

ಆದರೆ ಇಬ್ಬರಿಗೆ ಒಟ್ಟಿಗೇ ಒಂದು ಲೀಟರ್ ಬೇಕೆಂದರೆ ಎರಡು ಬಿಲ್ಲೆ, ಹದಿನೈದು ನಿಮಿಷಕ್ಕೂ ಹೆಚ್ಚು ಕಾಯುವಿಕೆ. ತೂಕ ಆಗಲೂ ಕಡಿಮೆಯೇ, ತಾಳ್ಮೆ ಉಳಿಯುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಒಲೆ ಒಬ್ಬರಿಗೆ, ನಾಲ್ಕು ದಿನದೊಳಗಿನ ಚಾರಣಕ್ಕೆ. ಚಳಿಯಲ್ಲಿ ಇದಕ್ಕೊಂದು ಅನುಕೂಲವೂ ಇದೆ. ಗ್ಯಾಸ್ ಡಬ್ಬಿಯಲ್ಲಿರುವ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಬಿಲ್ಲೆಗೆ ಆ ತೊಂದರೆಯಿಲ್ಲ, ಹೊತ್ತಿಕೊಳ್ಳಲು ಒಂದಷ್ಟು ತಡ ಅಷ್ಟೇ.

ಹಂತ 2: ಹೋಗುವ ಜಾಗದಲ್ಲಿ ಬೆಂಕಿಗೆ ಅನುಮತಿ ಇದೆಯೇ, ಬಿಲ್ಲೆ ಅಲ್ಲಿಗೆ ಹೇಗೆ ತಲುಪುತ್ತದೆ?

ದುಡ್ಡು ಕೊಡುವ ಮೊದಲು ಇದನ್ನು ತೀರ್ಮಾನಿಸಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕುಮಾರಪರ್ವತ ಇರುವ ಪುಷ್ಪಗಿರಿ ವನ್ಯಜೀವಿಧಾಮ, ಬ್ರಹ್ಮಗಿರಿಯಂಥ ಕಡೆ ಒಲೆ ಹಚ್ಚುವ ಯೋಚನೆಯನ್ನೇ ಬಿಡಿ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ನಿಷೇಧಿಸುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಒಣಗಿ ನಿಂತ ಶೋಲಾ ಹುಲ್ಲುಗಾವಲಿಗೆ ಒಂದು ಕಿಡಿ ಸಾಕು. ‘ಇದು ಚಿಕ್ಕ ಒಲೆ ಸಾರ್’ ಎಂಬ ಮಾತನ್ನು ಗಾರ್ಡ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಹಾಗಾಗಿ ಕನ್ನಡದ ಚಾರಣಿಗರಿಗೆ ಈ ಒಲೆಯ ನಿಜವಾದ ಉಪಯೋಗ ಖಾಸಗಿ ಎಸ್ಟೇಟುಗಳ ಕ್ಯಾಂಪಿನಲ್ಲಿ ಮತ್ತು ಅಡುಗೆಗೆ ಅವಕಾಶವಿರುವ ಹಿಮಾಲಯದ ದಾರಿಗಳಲ್ಲಿ.

ಹಿಮಾಲಯಕ್ಕೆ ಒಯ್ಯುವುದು ಇನ್ನೊಂದು ತೊಡಕು. ಬಿಲ್ಲೆ ಸುಡುವ ಘನವಸ್ತುವಿನ ವರ್ಗಕ್ಕೆ ಸೇರುವುದರಿಂದ ವಿಮಾನದಲ್ಲಿ ಕ್ಯಾಬಿನ್ ಚೀಲದಲ್ಲೂ ಇಲ್ಲ, ಚೆಕ್-ಇನ್ ಚೀಲದಲ್ಲೂ ಇಲ್ಲ. ಲೈಟರ್, ಬೆಂಕಿಪೊಟ್ಟಣಕ್ಕೂ ಇದೇ ಗತಿ. ರೈಲಿನಲ್ಲೂ ಇಂಥ ವಸ್ತು ಒಯ್ಯುವುದು 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಡಿ ಶಿಕ್ಷಾರ್ಹ. ಖಾಲಿ ಒಲೆ, ಪಾತ್ರೆ, ಗಾಳಿತಡೆ ಮನೆಯಿಂದ ಒಯ್ಯಿರಿ, ತೊಳೆದು, ವಾಸನೆ ಬರದ ಹಾಗೆ. ಬಿಲ್ಲೆ ಮಾತ್ರ ಚಾರಣ ಶುರುವಾಗುವ ಊರಿನಲ್ಲಿ ಕೊಳ್ಳಿ. ಅಲ್ಲಿನ ಸಾಮಾನಿನ ಅಂಗಡಿಗೆ ಹೊರಡುವ ವಾರದ ಮೊದಲೇ ಫೋನ್ ಮಾಡಿ ದಾಸ್ತಾನು ಇದೆಯೇ ಎಂದು ಕೇಳಿ. ಸಿಗದಿದ್ದರೆ ಒಲೆಯ ಆಯ್ಕೆಯೇ ಬದಲಾಗಬೇಕಾಗುತ್ತದೆ.

ಹಂತ 3: ಪಾತ್ರೆ

ಬಿಲ್ಲೆಯಲ್ಲಿರುವ ಇಂಧನ ಸಾಮಾನ್ಯವಾಗಿ ಹೆಕ್ಸಮಿನ್ ಎಂಬ ರಾಸಾಯನಿಕ. 14 ಗ್ರಾಂ ಹೆಕ್ಸಮಿನ್ ಉರಿದರೆ ಸುಮಾರು 420 ಕಿಲೋಜೂಲ್ ಶಾಖ ಬರುತ್ತದೆ. 20 ಡಿಗ್ರಿಯ 500 ಮಿ.ಲೀ. ನೀರನ್ನು 100 ಡಿಗ್ರಿಗೆ ತರಲು ಬೇಕಾದದ್ದು 167 ಕಿಲೋಜೂಲ್. ಅಂದರೆ ಹುಟ್ಟಿದ ಶಾಖದಲ್ಲಿ ಶೇ 40ರಷ್ಟು ನೀರಿನೊಳಗೆ ಇಳಿಯಲೇಬೇಕು. ಇದು ಸುಲಭದ ಗುರಿಯಲ್ಲ. ಗ್ಯಾಸ್ ಒಲೆಯಲ್ಲಿ ಪಾತ್ರೆ ಹೇಗಿದ್ದರೂ ಇನ್ನೊಂದು ನಿಮಿಷ ಉರಿಸಿದರೆ ಮುಗಿಯಿತು. ಇಲ್ಲಿ ಇಂಧನ ತೂಗಿ ಇಟ್ಟಾಗಿರುತ್ತದೆ.

ಶಾಖ ಹಿಡಿಯುವುದು ಪಾತ್ರೆಯ ತಳ. 11ರಿಂದ 13 ಸೆಂ.ಮೀ. ಅಗಲದ, ಗಿಡ್ಡ ಪಾತ್ರೆ ಆರಿಸಿ. 9 ಸೆಂ.ಮೀ. ಅಗಲದ ಎತ್ತರದ ಮಗ್ ಚೀಲದಲ್ಲಿ ಚೆನ್ನಾಗಿ ಕೂರುತ್ತದೆ, ನಿಜ. ಆದರೆ ಉರಿ ತಳ ದಾಟಿ ಬದಿಯಲ್ಲಿ ಮೇಲೇರಿ ಹೋಗುತ್ತದೆ. ಅದನ್ನೇ ಬಳಸುವುದಾದರೆ 400 ಮಿ.ಲೀ.ಗಿಂತ ಹೆಚ್ಚು ನೀರಿಡಬೇಡಿ. ಒಟ್ಟು ಹಿಡಿತ 650ರಿಂದ 750 ಮಿ.ಲೀ. ಇದ್ದರೆ 500 ಮಿ.ಲೀ. ಕುದಿದಾಗ ಉಕ್ಕುವುದಿಲ್ಲ.

ಲೋಹದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ತೆಳು ಅಲ್ಯೂಮಿನಿಯಂ ಅಗ್ಗ, ಶಾಖವನ್ನು ಸಮವಾಗಿ ಹರಡುತ್ತದೆ. ಟೈಟಾನಿಯಂ ಹಗುರ, ದುಬಾರಿ, ನೀರು ಕಾಯಿಸುವುದಕ್ಕೆ ಮಾತ್ರ ಸರಿ. ಮನೆಯ ದಪ್ಪ ಸ್ಟೀಲ್ ಪಾತ್ರೆ ತಂದರೆ ಒಲೆಯಲ್ಲಿ ಉಳಿಸಿದ ತೂಕವೆಲ್ಲ ಅಲ್ಲೇ ಹೋಯಿತು.

ಮುಚ್ಚಳವಿಲ್ಲದ ಪಾತ್ರೆ ಎಷ್ಟೇ ಒಳ್ಳೆಯದಿರಲಿ ಬೇಡ. ಮುಚ್ಚಳ ಕಳೆದಿದ್ದರೆ ಎರಡು ಪದರ ಫಾಯಿಲ್ ಮಡಚಿ ಅಂಚು ಒತ್ತಿ, ಕೆಲಸ ನಡೆಯುತ್ತದೆ.

ಹಂತ 4: ಪಾತ್ರೆಗೆ ಹೊಂದುವ ಒಲೆ

ಅಂಗಡಿಯಲ್ಲಿ ಒಲೆ ಕೈಗೆ ತೆಗೆದುಕೊಂಡಾಗ ಮೊದಲು ನೋಡಬೇಕಾದದ್ದು ತೂಕವಲ್ಲ, ಅಂತರ. ಬಿಲ್ಲೆಯ ಮೇಲ್ಮೈಯಿಂದ ಪಾತ್ರೆಯ ತಳಕ್ಕೆ ಸುಮಾರು 2.5ರಿಂದ 3 ಸೆಂ.ಮೀ. ಇರಬೇಕು. ಅದಕ್ಕಿಂತ ಹತ್ತಿರವಾದರೆ ಉರಿಗೆ ಗಾಳಿ ಸಾಲದೆ ಉಸಿರುಗಟ್ಟುತ್ತದೆ; ಅರ್ಧ ಉರಿದ ಇಂಧನವೇ ತಳಕ್ಕೆ ಕಪ್ಪು ಅಂಟಾಗಿ ಹತ್ತುತ್ತದೆ. ದೂರವಾದರೆ ಶಾಖ ಬದಿಗೆ ಚದುರುತ್ತದೆ. ಸ್ಕೇಲು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಿಲ್ಲೆಯ ದಪ್ಪ ಕಳೆದು ಅಳೆಯಿರಿ.

*ಮಡಚುವ ಪೆಟ್ಟಿಗೆ ಒಲೆ.* ಉಕ್ಕಿನದು, ಸುಮಾರು 85 ಗ್ರಾಂ. ಎರಡು ಬದಿ ಬಿಚ್ಚಿ ನಿಲ್ಲಿಸಿದರೆ ಪಾತ್ರೆಗೆ ಆಧಾರ, ಮಡಚಿದರೆ ಬಿಲ್ಲೆಯ ಪೊಟ್ಟಣ ಒಳಗೇ ಕೂರುತ್ತದೆ. ಎಸ್ಬಿಟ್ ಕಂಪನಿಯ ಈ ನಮೂನೆಯನ್ನು ನಕಲು ಮಾಡಿದವರು ಬಹಳ. ನಕಲಿನಲ್ಲಿ ನೋಡಬೇಕಾದದ್ದು ರಿವೆಟ್: ಬಿಚ್ಚಿದ ಬದಿಗಳು ಅಲುಗಾಡುತ್ತಿದ್ದರೆ ತುಂಬಿದ ಪಾತ್ರೆ ವಾಲುತ್ತದೆ. ಭಾರ ಹೆಚ್ಚಾದರೂ ಯಾವ ಪಾತ್ರೆಗೂ ಹೊಂದುತ್ತದೆ, ಕೆಡುವುದಕ್ಕೆ ಏನೂ ಇಲ್ಲ.

*ಮೂರು ರೆಕ್ಕೆಯ ಟೈಟಾನಿಯಂ ಒಲೆ.* 15 ಗ್ರಾಂ ಒಳಗೆ. ಮೂರು ತೆಳು ರೆಕ್ಕೆ ಬಿಚ್ಚಿಕೊಂಡು ನಡುವಿನ ತಟ್ಟೆಯಲ್ಲಿ ಬಿಲ್ಲೆ ಇಡುವುದು. ಹಗುರವೇ ಗುರಿಯಾಗಿದ್ದರೆ ಇದನ್ನೇ ಕೊಳ್ಳಿ. ಆದರೆ ಪಾತ್ರೆಯ ತಳ ಮೂರು ರೆಕ್ಕೆಯ ತುದಿಗಳಿಗಿಂತ ಹೊರಗೆ ಚಾಚಿರಬೇಕು. ಕಿರಿದಾದ ಮಗ್ ತುದಿಯಲ್ಲಿ ನಿಲ್ಲದೆ ಜಾರುತ್ತದೆ. ತಟ್ಟೆಗೆ ಅಂಚು ಇದೆಯೇ ನೋಡಿ. ಅಂಚಿಲ್ಲದಿದ್ದರೆ ಹೊತ್ತಿದ ಚೂರು ನೆಲಕ್ಕೆ ಬೀಳುತ್ತದೆ.

*ಪಾತ್ರೆ ಸಹಿತ ಸೆಟ್.* 585 ಮಿ.ಲೀ. ಪಾತ್ರೆ, ಗಾಳಿತಡೆಯೂ ಆಗುವ ಆಧಾರ, ಬಿಲ್ಲೆ ಇಡುವ ತಟ್ಟೆ, ಎಲ್ಲ ಒಂದರೊಳಗೊಂದು. ಸುಮಾರು 200 ಗ್ರಾಂ. ಮೊದಲ ಸಲ ಕೊಳ್ಳುವವರಿಗೆ ನಾವು ಹೇಳುವುದು ಇದನ್ನೇ. ಅಂತರ, ಅಗಲ, ಗಾಳಿತಡೆ ಮೂರೂ ಕಾರ್ಖಾನೆಯಲ್ಲೇ ಲೆಕ್ಕ ಹಾಕಿ ಬಂದಿರುತ್ತವೆ. ಹಂತ 5ರ ಕತ್ತರಿ ಕೆಲಸ ತಪ್ಪುತ್ತದೆ.

*ಶಂಕುವಿನಾಕಾರದ ಹಾಳೆ ಒಲೆ.* ಲೋಹದ ಹಾಳೆಯೇ ಗಾಳಿತಡೆ, ಅದೇ ಪಾತ್ರೆಯನ್ನು ಅಂಚಿನಲ್ಲಿ ಹಿಡಿದು ನಿಲ್ಲಿಸುವ ಆಧಾರ. ಗಾಳಿಯಲ್ಲಿ ಇದನ್ನು ಮೀರಿಸುವ ಒಲೆಯಿಲ್ಲ. ಆದರೆ ಒಂದು ಪಾತ್ರೆಗೆ ಕತ್ತರಿಸಿದ ಶಂಕು ಇನ್ನೊಂದಕ್ಕೆ ಆಗುವುದಿಲ್ಲ. ಪಾತ್ರೆಯ ಮಾದರಿ ಹೆಸರು ನೋಡಿಯೇ ಕೊಳ್ಳಿ.

ಜಾಲರಿ ಸುತ್ತಿ ಮನೆಯಲ್ಲೇ ಆಧಾರ ಮಾಡಿಕೊಳ್ಳುವವರಿದ್ದಾರೆ. ತಪ್ಪಿಲ್ಲ, ಸತು ಲೇಪಿಸಿದ ಜಾಲರಿ ಮಾತ್ರ ಬೇಡ. ಕಾದಾಗ ಬರುವ ಸತುವಿನ ಹೊಗೆ ಒಳ್ಳೆಯದಲ್ಲ.

ಹಂತ 5: ಗಾಳಿತಡೆ ಕತ್ತರಿಸುವುದು

ಇದನ್ನು ಬಿಟ್ಟವರೇ ಹೆಚ್ಚು ಸೋಲುವುದು. ಮುಖಕ್ಕೆ ತಂಪೆನಿಸುವಷ್ಟು ಗಾಳಿ ಬೀಸಿದರೂ ಬಿಲ್ಲೆಯ ಉರಿ ಪಾತ್ರೆಯ ಕೆಳಗಿಂದ ಹೊರಗೆ ಬಾಗುತ್ತದೆ. ಸುತ್ತ ಚೀಲ ಇಟ್ಟು ತಡೆಯುತ್ತೇನೆ ಎನ್ನುವವರ ಚೀಲ ಸುಟ್ಟಿರುವುದುಂಟು.

ಅಡುಗೆಮನೆಯ ತೆಳು ಫಾಯಿಲ್ ಒಂದೇ ಪದರದಲ್ಲಿ ನಿಲ್ಲುವುದಿಲ್ಲ, ನಾಲ್ಕು ಪದರ ಮಡಚಬೇಕು. ಊಟ ಕಟ್ಟಿಕೊಡುವ ದೊಡ್ಡ ಅಲ್ಯೂಮಿನಿಯಂ ಟ್ರೇಯ ತಳ ಇದಕ್ಕಿಂತ ಗಟ್ಟಿ.

ಉದ್ದದ ಲೆಕ್ಕ: ಪಾತ್ರೆಯ ಅಗಲಕ್ಕೆ 2 ಸೆಂ.ಮೀ. ಕೂಡಿಸಿ, 3.14ರಿಂದ ಗುಣಿಸಿ, ಜೋಡಣೆಗೆ 3 ಸೆಂ.ಮೀ. ಸೇರಿಸಿ. 12 ಸೆಂ.ಮೀ. ಪಾತ್ರೆಗೆ ಇದು 47 ಸೆಂ.ಮೀ. ಆಗುತ್ತದೆ, ಪಾತ್ರೆಯ ಸುತ್ತ 1 ಸೆಂ.ಮೀ. ಸಂದು ಉಳಿಯುತ್ತದೆ. ಎತ್ತರ ಒಲೆಯ ಎತ್ತರದ ಮೇಲೆ ಪಾತ್ರೆಯ ಮೂರರಲ್ಲಿ ಎರಡು ಭಾಗ ಮುಚ್ಚುವಷ್ಟು. ಪಾತ್ರೆಯ ಹಿಡಿಕೆ ಅಡ್ಡ ಬಂದರೆ ಅಲ್ಲಿ ಸೀಳು ಬಿಡಿ.

ಕೆಳ ಅಂಚಿನಿಂದ ಒಂದು ಸೆಂ.ಮೀ. ಮೇಲೆ, ಎರಡೆರಡು ಸೆಂ.ಮೀ.ಗೆ ಒಂದರಂತೆ ಪಂಚ್‌ನಿಂದ ತೂತು ಹಾಕಿ. ಸುತ್ತಲೂ ಬೇಡ, ಅರ್ಧ ಸುತ್ತಿಗೆ ಸಾಕು. ಬಳಸುವಾಗ ತೂತಿಲ್ಲದ ಬದಿ ಗಾಳಿಗೆ ಎದುರಾಗಿರಲಿ.

ಒಂದು ಎಚ್ಚರ. ಹೀಗೆ ಪೂರ್ತಿ ಸುತ್ತುವುದು ಬಿಲ್ಲೆಯ ಒಲೆಗೆ ಮಾತ್ರ. ಡಬ್ಬಿಯ ತಲೆಯ ಮೇಲೆ ತಿರುಗಿಸಿ ಕೂರಿಸುವ ಗ್ಯಾಸ್ ಒಲೆಗೆ ಇದೇ ತಡೆ ಸುತ್ತಿದರೆ ಡಬ್ಬಿ ಕಾದು ಸಿಡಿಯಬಹುದು. ಜೊತೆಯವರು ಎರವಲು ಕೇಳಿದರೆ ಕೊಡಬೇಡಿ.

ಹಂತ 6: ಬಿಲ್ಲೆ ಆರಿಸುವುದು

ಮಾರುಕಟ್ಟೆಯಲ್ಲಿ ಸಿಗುವುದು ಬಹುತೇಕ ಹೆಕ್ಸಮಿನ್. 4, 14 ಮತ್ತು 27 ಗ್ರಾಂ ಸಾಮಾನ್ಯ ಅಳತೆ. 14 ಗ್ರಾಂನದು ಸುಮಾರು 12 ನಿಮಿಷ ಉರಿಯುತ್ತದೆ, 500 ಮಿ.ಲೀ.ಗೆ ಸರಿಹೊಂದುವುದು ಅದೇ. ಜೊತೆಗೆ 4 ಗ್ರಾಂನ ನಾಲ್ಕಾರು ಬಿಲ್ಲೆ ಇರಲಿ. ನೀರು ಕುದಿಯಲು ಇನ್ನೇನು ಒಂದು ನಿಮಿಷ ಬೇಕೆನ್ನುವಾಗ ದೊಡ್ಡ ಬಿಲ್ಲೆ ಹಚ್ಚುವ ನಷ್ಟ ತಪ್ಪುತ್ತದೆ.

ತೂಕ ನಮೂದಿಸದ ಪೊಟ್ಟಣ ಕೊಳ್ಳಬೇಡಿ. ಕೊಂಡದ್ದನ್ನೂ ತೂಗಿ ನೋಡಿ. ಹೆಕ್ಸಮಿನ್ ನೀರಿನಲ್ಲಿ ಸಲೀಸಾಗಿ ಕರಗುವ ವಸ್ತು, ಹಾಗಾಗಿ ಒಂದೊಂದು ಬಿಲ್ಲೆಗೂ ಬೇರೆ ಸೀಲ್ ಇರುವ ಪೊಟ್ಟಣವೇ ಒಳ್ಳೆಯದು, ಮಳೆಗಾಲದಲ್ಲಂತೂ ಕಡ್ಡಾಯ. ಅಂಚು ಪುಡಿಯಾಗಿ ಪೊಟ್ಟಣದೊಳಗೆ ಬಿಳಿ ಹಿಟ್ಟು ಕೂತಿದ್ದರೆ, ಬಿಚ್ಚುವ ಮೊದಲೇ ಮೀನಿನಂಥ ವಾಸನೆ ಬಂದರೆ, ಸೀಲ್ ಹೋಗಿದೆ ಎಂದೇ ತಿಳಿಯಿರಿ.

ಬಿಲ್ಲೆ ಸಿಗದಿದ್ದರೆ ಕರ್ಪೂರ ಒಯ್ದರಾಯಿತು ಎಂಬ ಸಲಹೆ ನಮ್ಮಲ್ಲಿ ಬಹಳ ಓಡಾಡುತ್ತದೆ. ಕರ್ಪೂರದಲ್ಲಿ ಕಾವಿಗೆ ಕೊರತೆಯಿಲ್ಲ. ಆದರೆ ಅದು ಬೇಗ ಆವಿಯಾಗಿ ಎತ್ತರದ ಹಳದಿ ಉರಿಯಲ್ಲಿ ಉರಿಯುತ್ತದೆ, ಆ ಉರಿ ಪಾತ್ರೆಯ ಬದಿಯಲ್ಲಿ ವ್ಯರ್ಥ ಏರುತ್ತದೆ, ಮಸಿ ಕೈಗೆ, ಚೀಲಕ್ಕೆ, ಊಟಕ್ಕೆಲ್ಲ ಹತ್ತುತ್ತದೆ. ಒದ್ದೆ ಬಿಲ್ಲೆ ಹೊತ್ತಿಸಲು ಒಂದು ಚಿಟಿಕೆ ಕರ್ಪೂರ ಬಳಸಿ, ಅಷ್ಟಕ್ಕೆ ಅದು ಒಳ್ಳೆಯದು.

ಬಿಲ್ಲೆ ನೋಡಲು ಸಕ್ಕರೆ ಮಿಠಾಯಿಯಂತಿರುತ್ತದೆ. ಹೊಟ್ಟೆಗೆ ಹೋದರೆ ಅಲ್ಲಿನ ಆಮ್ಲದಲ್ಲಿ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಮಕ್ಕಳ ಕೈಗೆ ಎಟುಕದ ಕಡೆ ಇಡಿ, ತಿಂಡಿಯ ಚೀಲದಲ್ಲಿ ಯಾವತ್ತೂ ಬೇಡ.

ಹಂತ 7: ಹೊರಡುವ ಮೊದಲು ತಾರಸಿ ಪರೀಕ್ಷೆ

ತಾರಸಿಯಲ್ಲೋ ಅಂಗಳದಲ್ಲೋ ಮಾಡಿ, ಅಡುಗೆಮನೆಯಲ್ಲಿ ಬೇಡ. ಬಿಲ್ಲೆ ತೂಗಿ. 500 ಮಿ.ಲೀ. ನೀರು ಅಳೆದು ಹಾಕಿ, ಮುಚ್ಚಿ. ಬಿಲ್ಲೆಯ ಒಂದು ಮೂಲೆಗೆ ಲೈಟರ್ ಹಿಡಿಯಿರಿ. ಒಣಗಿದ ಬಿಲ್ಲೆ ಹತ್ತು ಸೆಕೆಂಡಿನೊಳಗೆ ಹತ್ತಿಕೊಳ್ಳುತ್ತದೆ. ಗಡಿಯಾರ ನೋಡಿ.

8ರಿಂದ 10 ನಿಮಿಷದಲ್ಲಿ ಕುದಿ ಬಂದು ಬಿಲ್ಲೆ ಒಂದಿಷ್ಟು ಉಳಿದರೆ ಸೆಟ್ ಸರಿಯಾಗಿದೆ. ಜೋರಾಗಿ ಊದಿ ಆರಿಸಿ, ತಣಿದ ಮೇಲೆ ಉಳಿದದ್ದನ್ನು ತೂಗಿ. ಸರಿಯಿಲ್ಲದಿದ್ದರೆ ಲಕ್ಷಣ ನೋಡಿ ಕಾರಣ ಹಿಡಿಯಬಹುದು:

- ಉರಿ ಪಾತ್ರೆಯ ಬದಿಯಲ್ಲಿ ಮೇಲೇರುತ್ತಿದೆ: ಪಾತ್ರೆ ಕಿರಿದು, ಇಲ್ಲವೇ ಅಂತರ ಹೆಚ್ಚು.
- ಉರಿ ಕುಗ್ಗುತ್ತದೆ, ಕಣ್ಣು ಉರಿಯುವ ಹೊಗೆ, ತಳಕ್ಕೆ ದಪ್ಪ ಅಂಟು: ಗಾಳಿ ಸಾಲದು. ಗಾಳಿತಡೆಯಲ್ಲಿ ಎರಡು ತೂತು ಹೆಚ್ಚು ಮಾಡಿ, ಆಗಲೂ ಹಾಗೇ ಇದ್ದರೆ ಅಂತರ ಹೆಚ್ಚಿಸಿ.
- ಚಟಚಟ ಸಿಡಿದು ಚೂರು ಹಾರುತ್ತದೆ: ಬಿಲ್ಲೆಗೆ ತೇವ ಹಿಡಿದಿದೆ. ಆ ಪೊಟ್ಟಣ ಚಾರಣಕ್ಕೆ ಬೇಡ.
- ಬೇಗ ಉರಿದು ಮುಗಿಯಿತು, ನೀರು ಬರೀ ಬಿಸಿ: ಬಿಲ್ಲೆ ಚೂರಾಗಿ ಹರಡಿತ್ತು, ಅಥವಾ ಗಾಳಿ ಒಳಗೆ ನುಗ್ಗುತ್ತಿದೆ. ಇಡಿಯಾದ ಬಿಲ್ಲೆಯನ್ನು ಚಿಕ್ಕ ತಟ್ಟೆಯಲ್ಲಿ ಇಟ್ಟು ಮತ್ತೆ ನೋಡಿ.

ಪರೀಕ್ಷೆಯಲ್ಲಿ ಬಂದ ಅಂಕಿಯನ್ನು ಬೆಟ್ಟಕ್ಕೆ ಹಾಗೇ ಒಯ್ಯುವಂತಿಲ್ಲ. ಪ್ರತಿ 300 ಮೀಟರ್ ಏರಿದಂತೆ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ, 3600 ಮೀಟರಿನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಅದು ಉಳಿತಾಯ. ಆದರೆ ಹಳ್ಳದ ನೀರು 5 ಡಿಗ್ರಿ ಇರುವುದರಿಂದ ಉಳಿಸಿದ್ದು ಅಲ್ಲಿಗೆ ಅಲ್ಲಿಗೇ ಆಗುತ್ತದೆ, ಮೇಲೆ ಗಾಳಿ ಬೇರೆ. ಮನೆಯ ಲೆಕ್ಕಕ್ಕೆ ಕಾಲು ಭಾಗ ಇಂಧನ ಹೆಚ್ಚು ಸೇರಿಸಿ. 88 ಡಿಗ್ರಿಯಲ್ಲಿ ಉಪ್ಪಿಟ್ಟಿನ ಮಿಕ್ಸ್ ನೆನೆಯಲು ಹೊತ್ತೂ ಹೆಚ್ಚು ಬೇಕು. ಪಾತ್ರೆಯನ್ನು ಉಣ್ಣೆ ಟೋಪಿಯಲ್ಲಿ ಸುತ್ತಿ ಹದಿನೈದು ನಿಮಿಷ ಬಿಡಿ.

ಹಂತ 8: ಬೆಟ್ಟದ ಮೇಲೆ ಹಚ್ಚುವ ಕ್ರಮ

ಬಿಲ್ಲೆ ಹೊತ್ತಿದ ಮೇಲೆ ನೀರು ಹುಡುಕುವವರು ಮೂರು ನಿಮಿಷದ ಇಂಧನ ಕಳೆದಿರುತ್ತಾರೆ. ಮೊದಲು ಬಂಡೆ ಅಥವಾ ಬರಿ ಮಣ್ಣಿನ ಸಮತಟ್ಟು ಜಾಗ ನೋಡಿ ಒಣ ಹುಲ್ಲು, ತರಗೆಲೆ ಒಂದು ಮೀಟರ್ ಸುತ್ತ ಸರಿಸಿ. ತೆಳು ಒಲೆಯ ತಟ್ಟೆ ನೆಲವನ್ನೂ ಸುಡುತ್ತದೆ, ಅಡಿಗೆ ಮಡಚಿದ ಫಾಯಿಲ್ ಹಾಸಿ. ತುಂಬಿದ ಪಾತ್ರೆಯನ್ನು ಹಚ್ಚದ ಒಲೆಯ ಮೇಲಿಟ್ಟು ಅಲುಗಾಡುತ್ತದೆಯೇ ನೋಡಿ, ಇಳಿಸಿ. ಗಾಳಿತಡೆ ಕೈಗೆ ಸಿಗುವಂತಿರಲಿ. ಈಗ ಬಿಲ್ಲೆ ಹಚ್ಚಿ, ಅರ್ಧ ನಿಮಿಷ ಉರಿ ಹರಡಲು ಬಿಟ್ಟು, ಪಾತ್ರೆ ಇಟ್ಟು, ತಡೆ ಸುತ್ತಿ. ಮುಚ್ಚಳ ಎತ್ತಿ ಎತ್ತಿ ನೋಡಬೇಡಿ. ಆವಿ ಜೋರಾಗಿ ಹೊರಬಂದಾಗ ಗೊತ್ತಾಗುತ್ತದೆ.

ಟೆಂಟಿನೊಳಗೆ, ಟೆಂಟಿನ ಮುಂಭಾಗದ ಮರೆಯಲ್ಲಿ ಕೂಡ, ಹಚ್ಚಬೇಡಿ. ಹೆಕ್ಸಮಿನ್ ಸರಿಯಾಗಿ ಉರಿಯದಾಗ ಕಾರ್ಬನ್ ಮಾನಾಕ್ಸೈಡ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್ ಬರುತ್ತವೆ. ಹೊರಗೆ ಮಳೆ ಎಂದಾದರೆ ಆ ಹೊತ್ತಿಗೆ ನೆನೆಸಿದ ಅವಲಕ್ಕಿ, ಹುರಿಹಿಟ್ಟು ತಿನ್ನುವ ಏರ್ಪಾಡು ಇರಲಿ. ತಲೆನೋವು, ತಲೆಸುತ್ತು, ಗಂಟಲು ಕೆರೆತ ಕಂಡರೆ ತಕ್ಷಣ ಅಲ್ಲಿಂದ ಎದ್ದು ಗಾಳಿಗೆ ಬನ್ನಿ.

ಹಗಲು ಬಿಸಿಲಿನಲ್ಲಿ ಸಣ್ಣ ನೀಲಿ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಆರಿದೆ ಎಂದುಕೊಂಡು ಬೆರಳಿಡುವ ಮೊದಲು ಅಂಗೈಯನ್ನು ಒಂದು ಗೇಣು ಮೇಲೆ ಹಿಡಿದು ನೋಡಿ.

ಹಂತ 9: ಅಂಟು, ಉಳಿಕೆ

ತಳದ ಅಂಟು ಪೂರ್ತಿ ತಪ್ಪುವುದಿಲ್ಲ. ಸೌದೆ ಒಲೆಗೆ ಇಡುವ ಮೊದಲು ಪಾತ್ರೆಯ ಹೊರಗೆ ಬೂದಿಯನ್ನೋ ಮಣ್ಣನ್ನೋ ಕಲಸಿ ಬಳಿಯುವ ಹಳ್ಳಿಯ ಉಪಾಯ ಇಲ್ಲೂ ನಡೆಯುತ್ತದೆ: ಮನೆಯಿಂದ ಹೊರಡುವಾಗಲೇ ತಳಕ್ಕೆ ಸಾಬೂನು ತೆಳ್ಳಗೆ ಸವರಿ ಒಣಗಿಸಿ. ವಾಪಸು ಬಂದು ತಿಕ್ಕಿದಾಗ ಮಸಿ ಸಾಬೂನಿನ ಜೊತೆಗೇ ಬಿಡುತ್ತದೆ. ದಾರಿಯಲ್ಲಿ ತೊಳೆಯಬೇಡಿ, ಹಳ್ಳದಲ್ಲಂತೂ ಬೇಡವೇ ಬೇಡ. ಪಾತ್ರೆಗೆ ಬಟ್ಟೆಯ ಬೇರೆ ಚೀಲ ಮಾಡಿ ಹಾಕಿಡಿ. ಬಿಲ್ಲೆ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಅರ್ಧ ಉರಿದ ಬಿಲ್ಲೆಯನ್ನು ಪೂರ್ತಿ ತಣಿದ ಮೇಲೆ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ, ಜಿಪ್ ಕವರಿಗೆ ಹಾಕಿ, ಮುಂದಿನ ಸಲ ಅದನ್ನೇ ಮೊದಲು ಉರಿಸಿ. ಚಾರಣ ಮುಗಿದಾಗ ಇಡೀ ಬಿಲ್ಲೆಗಳು ಉಳಿದರೆ ಅವನ್ನು ವಿಮಾನಕ್ಕೂ ರೈಲಿಗೂ ಹತ್ತಿಸುವಂತಿಲ್ಲ. ಇಳಿದ ಊರಿನಲ್ಲಿ ಮೇಲೆ ಹೊರಟಿರುವ ಚಾರಣಿಗರಿಗೋ, ಕೊಂಡ ಅಂಗಡಿಗೋ ಕೊಟ್ಟು ಬನ್ನಿ.